ಸೇರಿಸಿ ಕೊಟ್ಟ ಒಂದು ರೂಪಾಯಿ

ಜೀವನದಲ್ಲಿ ಯಾರೆದುರೂ ತಲೆ ತಗ್ಗಿಸಿಲ್ಲ ಎನ್ನುವವರನ್ನು ಕಂಡರೆ ನನಗೀಗ ಅನುಮಾನ. ಫೋನಿನಲ್ಲಿ ದುಡ್ಡು ಕಳಿಸುವುದನ್ನು ಅವರಿನ್ನೂ ಕಲಿತಿಲ್ಲ ಎಂದಷ್ಟೇ ಅದರ ಅರ್ಥ. ಕಲಿಯುವ ಮುಂಚೆ ನಾನೂ ಹಾಗೇ ಹೇಳಿಕೊಂಡು ತಿರುಗುತ್ತಿದ್ದೆ.

ಐದನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಮುಂಬೈ ಕ್ಯಾಂಟೀನಿನಲ್ಲಿ ಲೋಟ ತೊಳೆದು, ಊರಿಗೆ ಬಂದು, ಬ್ಯಾಂಕ್ ಸಾಲದಲ್ಲಿ ಪಿಕಪ್ ಕೊಂಡು ಮರವಂತೆಯಿಂದ ಮೀನು ಸಾಗಿಸುತ್ತೇನೆ. ಮೂವತ್ತೈದು ಕಂತು ಒಂದು ದಿನವೂ ತಪ್ಪಿರಲಿಲ್ಲ. ಮೂವತ್ತಾರನೆಯದು ಕೊನೆಯದು. ಒಂದು ಕಂತೂ ತಪ್ಪದೆ ಗಾಡಿ ನನ್ನದಾಗುತ್ತದೆಂದು ಇಡೀ ಬಂದರಿಗೆ ಸಾರಿದ್ದೆ. ಕಂತಿಗೆ ಬೇಕಾದ ಒಂಬತ್ತು ಸಾವಿರದ ನಾನೂರರ ಮೇಲೆ ಖಾತೆಯಲ್ಲಿ ಸರಿಯಾಗಿ ಎರಡು ಸಾವಿರ ಇತ್ತು.

ಆ ಕೊನೆಯ ಕಂತು ಕಟ್ಟಾಗುವ ಹಿಂದಿನ ದಿನ ತೆಕ್ಕಟ್ಟೆಯಲ್ಲಿ ಹೆಂಡತಿಯ ಚಿಕ್ಕಮ್ಮನ ಮಗಳ ಮದುವೆ. ನನಗೆ ಮಂಗಳೂರಿಗೆ ಲೋಡು, ಹೆಂಡತಿಯೊಬ್ಬಳೇ ಹೋದಳು. ಅವಳು ಉಡುಗೊರೆಯ ಕವರನ್ನು ಮನೆಯಲ್ಲೇ ಮರೆತಿದ್ದರಿಂದ ನಾನು ಫೋನಿನಲ್ಲೇ ಹುಡುಗಿಯ ಅಪ್ಪನಿಗೆ ಎರಡು ಸಾವಿರ ಕಳಿಸಿದೆ. ಐದೇ ನಿಮಿಷದಲ್ಲಿ ಅವಳ ಫೋನು.

"ಹ್ವಾಯ್, ಎಂತ ಮಾಡಿರಿ ನೀವು? ಮದಿಗೆ ಯಾರಾರೂ ಕಡಿಗೆ ಸೊನ್ನಿ ಇಟ್ಟ್ ಕೊಡ್ತ್ರಾ? ಒಂದ್ರೂಪಾಯಿ ಸೇರ್ಸುಕ್ ಗೊತ್ತಿಲ್ಯಾ? ಇಲ್ಲಿ ನಂಗೆ ಮುಖ ಎತ್ತುಕಾತಿಲ್ಲೆ!"

ಅವಳ ಮುಖ ಎತ್ತಿಸಲು ಒಂದು ರೂಪಾಯಿ ಬೇರೆಯಾಗಿ ಕಳಿಸಿದೆ. ಮರುದಿನ ಬೆಳಿಗ್ಗೆ ನನ್ನ ಮುಖ ಇಳಿಯಿತು. ಒಂದು ರೂಪಾಯಿ ಕಡಿಮೆಯಿದ್ದುದರಿಂದ ಕಂತು ವಾಪಸಾಗಿದೆ, ಅದಕ್ಕೆ ಐನೂರ ತೊಂಬತ್ತು ದಂಡ ಹಿಡಿಯಲಾಗಿದೆ ಎಂದು ಮೆಸೇಜು.

ಮೀನಿನ ವಾಸನೆಯ ಸಮೇತ ಬ್ಯಾಂಕಿಗೆ ನುಗ್ಗಿದೆ. ಮ್ಯಾನೇಜರ್ ಮೇಡಂ ಅವರ ಮೇಜಿನ ಮೇಲೆ ನಾಣ್ಯ ಇಟ್ಟು, "ತಕಣಿ ನಿಮ್ಮ ಒಂದ್ರೂಪಾಯಿ. ನನ್ನ ಐನೂರ ತೊಂಬತ್ತು ಕೊಡಿ" ಎಂದೆ.

"ಹಾಗೆ ಬರುವುದಿಲ್ಲ, ಸಿಸ್ಟಮ್ ಕಟ್ ಮಾಡಿದ್ದು" ಎಂದರು ಅವರು.

"ಕ್ಯಾಂಟೀನಲ್ಲಿ ಗಿರಾಕಿ ಹತ್ರ ಒಂದ್ರೂಪಾಯಿ ಕಮ್ಮಿ ಆರೆ ನಮ್ಮ ಸೇಟು ನಾಳೆ ಕೊಡು ಅಂತಿದ್ದ. ಕುಡ್ದ್ ಚಾ ವಾಪಾಸ್ ಕಕ್ಸಿ, ಮೇಲಿಂದ ಅಂವನ ಅಂಗಿ ಬಿಚ್ಕಂತಿರ್ಲಿಲ್ಲ!"

ಮೇಡಂ ನಕ್ಕರು, ಸಿಸ್ಟಮ್ ನಗಲಿಲ್ಲ. ಇವತ್ತು ತುಂಬಿದರೆ ಸಾಲ ಮುಗಿಯುತ್ತದೆ, ಆದರೆ ಕಂತು ತಪ್ಪಿದ್ದು ದಾಖಲೆಯಲ್ಲಿ ಉಳಿಯುತ್ತದೆ ಎಂದರು. ಮೂವತ್ತೈದು ಕಂತಿನ ಮರ್ಯಾದೆ ಒಂದು ರೂಪಾಯಿಗೆ ಹೋಯಿತು. ನಾಣ್ಯ ಎತ್ತಿಕೊಂಡು ಕೌಂಟರಿಗೆ ಬಂದೆ. ನಮ್ಮೂರಿನವನೇ ಆದ ಕ್ಯಾಶಿಯರ್ ಕಂಪ್ಯೂಟರ್ ನೋಡಿ ಲೆಕ್ಕ ಹೇಳಿದ. ಕಂತಿಗೆ ಖಾತೆಯಲ್ಲಿ ಇನ್ನು ಸೇರಬೇಕಾದದ್ದು ದಂಡಕ್ಕೆ ಹೋದ ಐನೂರ ತೊಂಬತ್ತು, ಮೊದಲೇ ಕಡಿಮೆಯಿದ್ದ ಒಂದು.

"ಐನೂರ ತೊಂಬತ್ತೊಂದು ಕೊಡಿ ಅಣ್ಣಾ. ಕಾಣಿ, ಸಮಾ ಉಡ್ಗೊರೆ ಲೆಕ್ಕವೇ ಬಂತಲೆ!"

ಕೊಟ್ಟೆ. ಸಂಜೆ ಹೆಂಡತಿಗೆ ಎಲ್ಲ ಹೇಳಿ, ಅವಳ ಪಶ್ಚಾತ್ತಾಪಕ್ಕಾಗಿ ಕಾದು ಕೂತೆ.

"ಬ್ಯಾಂಕಿಗೂ ಒಂದ್ರೂಪಾಯಿ ಸೇರ್ಸೇ ಕೊಟ್ರ್ಯಾ?" ಎಂದಳು. "ಹಾಂಗಾರೆ ಅಡ್ಡಿಲ್ಲೆ."

ಅಡ್ಡಿಯೇನೂ ಇಲ್ಲ. ಎರಡು ದಿನದಲ್ಲಿ ಎರಡು ಕಡೆ ಕ್ರಮಪ್ರಕಾರ ಉಡುಗೊರೆ ಕೊಟ್ಟಿದ್ದೇನೆ. ಎರಡೂ ಕಡೆ ನನಗೆ ಊಟ ಮಾತ್ರ ಸಿಗಲಿಲ್ಲ.