ಲಾರಿಗೆ ಆಮೇಲೆ ಸೇರಿಸಿದ್ದು

ನಾನು ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವನು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಮುಂದಿನ ಸಂಗತಿಗಳನ್ನೆಲ್ಲ ಓದಿದ ಮೇಲೆ ಹೇಳಿದರೆ ಯಾರೂ ನಂಬುವುದಿಲ್ಲ. ಸರಿಯಾಗಿ ನಡೆಯುತ್ತಿರುವ ವಸ್ತುವನ್ನು ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಕೆಟ್ಟದ್ದನ್ನು ರಿಪೇರಿ ಮಾಡುವವರು ಯಾವ ಊರಿಗೆ ಹೋದರೂ ಹತ್ತು ಜನ ಸಿಗುತ್ತಾರೆ. ನೆಟ್ಟಗಿದ್ದದ್ದನ್ನು ರಿಪೇರಿ ಮಾಡುವವನು ಮಾನ್ವಿಗೆಲ್ಲ ನಾನೊಬ್ಬನೇ. ನಮ್ಮ ಗೋಡೆ ಗಡಿಯಾರ ದಿನಕ್ಕೆ ಒಂದು ನಿಮಿಷ ಹಿಂದೆ ಬೀಳುತ್ತದೆ ಎಂದು ಬಿಚ್ಚಿದೆ. ಈಗ ಅದು ಹಿಂದೆಯೂ ಬೀಳುವುದಿಲ್ಲ, ಮುಂದೆಯೂ ಹೋಗುವುದಿಲ್ಲ. ಪಡಸಾಲೆಯ ಫ್ಯಾನಿಗೆ ಎಣ್ಣೆ ಬಿಟ್ಟೆ. ಅದು ಆ ಎಣ್ಣೆಯನ್ನು ಬೀಗರ ಬಿಳಿ ಅಂಗಿಗಳಿಗೆ ಸಮನಾಗಿ ಹಂಚಿತು. ಮನೆಯಲ್ಲಿ ಇನ್ನೂ ನನ್ನ ಕೈ ತಾಗದೆ ಉಳಿದಿರುವುದು ಮಿಕ್ಸಿ ಒಂದೇ. ಅದಕ್ಕೆ ನನ್ನ ಹೆಂಡತಿ ಶರಣಮ್ಮನ ಕಾವಲು ಕಾರಣ.

ಇಂಥವನು ನಿವೃತ್ತನಾದ ಮೇಲೆ ಸುಮ್ಮನೆ ಕೂಡಬಾರದೆಂದು ಹಳೆಯ ಆರು ಗಾಲಿಯ ಲಾರಿಯೊಂದನ್ನು ಕೊಂಡೆ. ಮಾನ್ವಿ ಸುತ್ತಲಿನ ಕಾಲುವೆ ಹಳ್ಳಿಗಳ ಭತ್ತವನ್ನು ರಾಯಚೂರಿನ ರೈಸ್ ಮಿಲ್ಲುಗಳಿಗೆ ಮುಟ್ಟಿಸುವುದು ಅದರ ಕೆಲಸ. ನನಗೆ ಲಾರಿ ಓಡಿಸಲು ಬರುವುದಿಲ್ಲ. ಸ್ಕೂಟರ್ ಕೂಡ ಶರಣಮ್ಮ ಹಿಂದೆ ಕೂತು "ಎಡಕ್ಕ, ಎಡಕ್ಕ, ಎಮ್ಮಿ ಅದ" ಎನ್ನುತ್ತಿದ್ದರೆ ಮಾತ್ರ ನೆಟ್ಟಗೆ ಹೋಗುತ್ತದೆ. ಹಾಗಾಗಿ ಲಾರಿ ನನ್ನದು ಎನ್ನುವುದು ಬರೀ ಕಾಗದದ ಮೇಲಿನ ಮಾತು. ನಿಜವಾಗಿ ಅದು ಡ್ರೈವರ್ ಮೆಹಬೂಬನದು.

ಮೆಹಬೂಬ ಐವತ್ತರ ಆಸುಪಾಸಿನವನು. ಕುಡಿಯುವುದಿಲ್ಲ, ಬೀಡಿ ಸೇದುವುದಿಲ್ಲ, ಹೆಚ್ಚು ಮಾತೂ ಆಡುವುದಿಲ್ಲ. ಬೇರೆ ಡ್ರೈವರುಗಳಂತೆ ಜೊತೆಗೊಬ್ಬ ಕ್ಲೀನರ್ ಬೇಕೆಂದು ಕೇಳಿದವನೇ ಅಲ್ಲ. "ಜೊತಿಗಿ ಹಾಡು ಅದಾವಲ್ರಿ ಸರ, ಸಾಕು" ಎಂದು ಒಬ್ಬನೇ ಹೋಗಿ ಬರುತ್ತಾನೆ. ಕ್ಯಾಬಿನ್ನಿನಲ್ಲಿ ಒಂದು ಹಳೆಯ ಸ್ಟೀರಿಯೊ, ಬಾಗಿಲಿಗೊಂದರಂತೆ ಎರಡು ಸ್ಪೀಕರ್, ಅವನ ಮೆಚ್ಚಿನ ಹಳೆಯ ಹಾಡುಗಳಿದ್ದ ಒಂದು ಪೆನ್‌ಡ್ರೈವ್. ಹಾಡು ಹಚ್ಚಿಕೊಂಡು ಹೊರಟನೆಂದರೆ ಒಂದು ಚೀಲವೂ ಜಾರದಂತೆ, ಒಂದು ಕೋಳಿಗೂ ಪೆಟ್ಟಾಗದಂತೆ ರಾಯಚೂರು ಮುಟ್ಟಿಸುವವನು. ಸುಗ್ಗಿಯ ಕಾಲಕ್ಕೆ ಇಂಥ ಡ್ರೈವರನ್ನು ಎಗರಿಸಲು ಎಷ್ಟೋ ಜನ ಕಾದಿರುತ್ತಾರೆ. ಆದರೂ ಅವನು ನಮ್ಮ ಹಳೆಯ ಗಾಡಿಯನ್ನು ಬಿಟ್ಟಿರಲಿಲ್ಲ. ಅಂದರೆ ಎಲ್ಲವೂ ಚೆನ್ನಾಗಿ ನಡೆಯುತ್ತಿತ್ತು, ಅದೇ ನನ್ನ ಕೈಗೆ ತುರಿಕೆ ಹಚ್ಚಿತು.

ಒಂದು ದಿನ ದೇವದುರ್ಗದ ನೆಂಟರ ಮನೆಗೆ ಹೋಗುವುದಿತ್ತು, ನಮ್ಮ ಲಾರಿಯನ್ನೇ ಹತ್ತಿದೆ. ದಾರಿಯಲ್ಲಿ ಮಸರಕಲ್ಲಿನಲ್ಲಿ ಚಹಾಕ್ಕೆ ನಿಂತೆವು. ಅಷ್ಟರಲ್ಲಿ ಇನ್ನೊಂದು ಲಾರಿ ಬಂತು ನೋಡಿ! ಮೈತುಂಬ ಹೊಸ ಬಣ್ಣ, ಒಳಗಿನಿಂದ ಧಡಂ ಧಡಂ ಎಂಬ ಹಾಡು. ನನ್ನ ಕೈಯಲ್ಲಿದ್ದ ಚಹಾದ ಗ್ಲಾಸು ಗಡಗಡ ನಡುಗಿತು. ಹೋಟೆಲಿನವನು ಸಟ್ಟುಗ ಹಿಡಿದು ಹೊರಗೆ ಬಂದು, "ಗಾಡಿ ಅಂದ್ರ ಹಿಂಗಿರಬೇಕ್ ನೋಡ್ರಿ" ಎಂದ. ಹೇಳಿದವನು ಹೇಳಿ ಒಳಗೆ ಹೋದ. ನಾನು ನಮ್ಮ ಗಾಡಿಯತ್ತ ನೋಡಿದೆ. ಬಿಸಿಲಿಗೆ ಬಣ್ಣ ಹೋಗಿ, ನನ್ನ ಹಾಗೆಯೇ ನಿವೃತ್ತವಾದಂತೆ ನಿಂತಿತ್ತು. ನನಗೆ ನಿಜವಾಗಿಯೂ ಅವಮಾನವಾಯಿತು.

ಮೊದಲು ಬಣ್ಣ. ದೇವದುರ್ಗದ ಪೇಂಟರ್ ಒಬ್ಬನಿಗೆ ಒಪ್ಪಿಸಿ, ಮೂರು ದಿನ ಅವನ ಬೆನ್ನಹಿಂದೆ ಕುರ್ಚಿ ಹಾಕಿಕೊಂಡು ಕೂತೆ. ಅವನು ಕ್ಯಾಬಿನ್ನಿನ ಒಳಗೆ ಸೀಟಿನ ಹಿಂದಿನ ಬೋಲ್ಟುಗಳನ್ನು ಬಿಟ್ಟು ಸುತ್ತ ಬಳಿಯುತ್ತಿದ್ದ. "ಅವನ್ಯಾಕ ಬಿಟ್ಟಿ?" ಎಂದೆ. "ಅವು ಹಂಗಾ ಇರ್ಲೇಳ್ರಿ ಸರ, ಯಾರ್ ನೋಡ್ತಾರ?" ಎಂದ. "ನಾ ನೋಡ್ತೀನಿ. ಒಂದ ಬೋಲ್ಟೂ ಬಿಡಬ್ಯಾಡ. ಎರಡ್ ಸಲ ಬಳಿ" ಎಂದು ಗದರಿದೆ. ಅವನು ನನ್ನ ಮುಖ ನೋಡಿ, ಎರಡು ಸಲ ಬಳಿದ.

ಆಮೇಲೆ ರಾಯಚೂರಿಗೆ ಹೋಗಿ ಆಂಪ್ಲಿಫೈಯರ್ ಒಂದನ್ನೂ, ಕಲ್ಲಂಗಡಿಯಷ್ಟು ದಪ್ಪ ಸ್ಪೀಕರಿರುವ ಬೇಸ್ ಬಾಕ್ಸನ್ನೂ ತಂದೆ. ಅಂಗಡಿಯವನು ಕೂಡಿಸಿಕೊಡುತ್ತೇನೆ ಎಂದ. ನಾನು ನಕ್ಕೆ. ಎಷ್ಟೋ ನೂರು ಮಕ್ಕಳಿಗೆ ವಿದ್ಯುತ್ ಮಂಡಲ ಬರೆಯಿಸಿದವನಿಗೆ ಇದೇನು ಬ್ರಹ್ಮವಿದ್ಯೆಯೇ? ಕೆಂಪು ವೈರು ಬ್ಯಾಟರಿಗೆ, ಕಪ್ಪು ವೈರು ಲಾರಿಯ ಮೈಗೆ. ಸೀಟಿನ ಹಿಂದಿನ ಬೋಲ್ಟಿಗೆ ಆಂಪ್ಲಿಫೈಯರಿನ ಕಪ್ಪು ವೈರು ಬಿಗಿದೆ. ಚೆಂದ ಕಾಣಲೆಂದು ಸ್ಟೀರಿಯೊದ ಕಪ್ಪು ವೈರನ್ನೂ ಅದರ ಹಳೆಯ ಜಾಗದಿಂದ ಕಿತ್ತು ತಂದು ಅದೇ ಬೋಲ್ಟಿಗೆ ಕಟ್ಟಿದೆ.

ಮೆಹಬೂಬ ಇಂಜಿನ್ ಚಾಲೂ ಮಾಡಿ ಹಾಡು ಹಚ್ಚಿದ. ಹಾಡಿನ ಹಿಂದೆ ಸೊಳ್ಳೆಯೊಂದು ಕುಂಯ್ ಎನ್ನತೊಡಗಿತು. ಎಕ್ಸಿಲೇಟರ್ ಒತ್ತಿದಷ್ಟೂ ಕುಂಯ್ ಎನ್ನುವುದು ಏರುತ್ತ ಹೋಗಿ, ಹಾಡುವವರ ದನಿಯನ್ನೇ ನುಂಗಿತು. ಅದು ಸಾಲದೆಂಬಂತೆ, ಬೇಸ್ ಬಾಕ್ಸು ಜೋರಾಗಿ ಒಮ್ಮೆ ಧಡಂ ಎಂದದ್ದೇ ತಡ, ಸ್ಟೀರಿಯೊ ಆರಿಹೋಗಿ ಮತ್ತೆ ಹತ್ತಿಕೊಂಡು ಪೆನ್‌ಡ್ರೈವಿನ ಮೊದಲ ಹಾಡನ್ನು ಮೊದಲಿನಿಂದ ಶುರು ಮಾಡಿತು. ಮತ್ತೆ ಧಡಂ, ಮತ್ತೆ ಮೊದಲ ಹಾಡು. ಮಾನ್ವಿಯಿಂದ ರಾಯಚೂರು ಮುಟ್ಟುವವರೆಗೆ ಮೆಹಬೂಬ ಅದೊಂದೇ ಹಾಡಿನ ಮೊದಲ ಎರಡು ಸಾಲುಗಳನ್ನು ಕೇಳಿದ. ನಾಯಕ ನಾಯಕಿಯ ಹೆಸರು ಕೇಳುವುದರಲ್ಲೇ ಇದ್ದ, ಅವಳು ಹೇಳಲೇ ಇಲ್ಲ.

ಎರಡು ದಿನ ತಾಳಿಕೊಂಡ ಮನುಷ್ಯ ಮೂರನೆಯ ದಿನ ಮನೆಗೆ ಬಂದು ಬಾಗಿಲಲ್ಲಿ ನಿಂತ. "ಸರ, ಒಂದ್ ಮಾತ್ ಹೇಳ್ಲೇನ್ರಿ? ಸಿಟ್ಟ್ ಮಾಡ್ಕೊಬ್ಯಾಡ್ರಿ. ಹಾಡಿಲ್ದ ಗಾಡಿ ನನಗ ಓಡ್ಸಾಕ ಆಗೂದಿಲ್ರಿ. ಮಿಲ್ ಸಾವ್ಕಾರ್ರು ಹೊಸಾ ಗಾಡಿಗಿ ಬಾ ಅಂತ ಕರಿಯಾಕತ್ತಾರ. ಈ ವಾರ ನೋಡ್ತೀನ್ರಿ" ಎಂದ.

ಗದ್ದೆಗಳಲ್ಲಿ ಕೊಯ್ಲು ಶುರುವಾಗಿತ್ತು. ಹತ್ತು ಹಳ್ಳಿಗಳಿಗೆ ಗಾಡಿ ಕಳಿಸುತ್ತೇನೆಂದು ಮಾತು ಕೊಟ್ಟಿದ್ದೆ. ಮೆಹಬೂಬ ಹೋದರೆ ಅಷ್ಟು ಚೆಂದ ಬಣ್ಣ ಬಳಿದ ಲಾರಿ ನಮ್ಮ ಮನೆಯ ಮುಂದೆ ನಿಂತು, ಅದರ ನೆರಳಿನಲ್ಲಿ ಶರಣಮ್ಮ ಸಂಡಿಗೆ ಒಣಗುವುದಿಲ್ಲವೆಂದು ನನಗೆ ಬೈಯುವುದಷ್ಟೇ ಬಾಕಿ. ಒಳಗಿನಿಂದ ಎಲ್ಲ ಕೇಳಿಸಿಕೊಂಡಿದ್ದ ಆಕೆ, "ಇದ್ದದ್ದು ಛಲೋ ಇತ್ತಲ್ರೀ. ಯಾಕ ಕೈ ಹಚ್ಚಿದ್ರಿ?" ಎಂದಳು. ಮೂವತ್ತು ವರ್ಷದಿಂದ ಆಕೆ ಕೇಳುತ್ತಿರುವ ಪ್ರಶ್ನೆ ಇದು. ನಾನು ಸ್ಕ್ರೂಡ್ರೈವರ್ ಹುಡುಕತೊಡಗಿದೆ.

ಮರುದಿನದಿಂದ ಸ್ಕ್ರೂಡ್ರೈವರ್ ಜೇಬಿಗಿಟ್ಟುಕೊಂಡು, ಬುತ್ತಿ ಕಟ್ಟಿಸಿಕೊಂಡು, ಮೆಹಬೂಬನ ಪಕ್ಕದ ಸೀಟು ಹತ್ತಿದೆ. ಗಾಡಿ ಓಡುವಾಗಲೇ ದೋಷ ಹಿಡಿಯಬೇಕಲ್ಲ! ಒಂದು ದಿನ ವೈರು ಬದಲಿಸಿದೆ. ಇನ್ನೊಂದು ದಿನ ಗದ್ದಲ ಸೋಸುವ ಡಬ್ಬಿಯೆಂದು ಯಾವುದೋ ಒಂದನ್ನು ತಂದು ಕೂಡಿಸಿದೆ. ರೊಟ್ಟಿ ಸುತ್ತುವ ಬೆಳ್ಳಿ ಕಾಗದವನ್ನು ಅಡುಗೆಮನೆಯಿಂದ ಎತ್ತಿ ತಂದು ವೈರುಗಳಿಗೆಲ್ಲ ಸುತ್ತಿದೆ. ಅಂದು ನನ್ನ ಬುತ್ತಿಯ ರೊಟ್ಟಿ ಹಳೆಯ ದಿನಪತ್ರಿಕೆಯಲ್ಲಿ ಬಂತು. ಸ್ಟೀರಿಯೊ ಸರಿಯಾಗಿ ಹಾಡದೆ ಇದ್ದುದರಿಂದ ಮೆಹಬೂಬನಿಗೆ ಬೇಸರವಾಗಬಾರದೆಂದು ದಾರಿಯುದ್ದಕ್ಕೂ ವಿದ್ಯುತ್ತಿನ ಬಗ್ಗೆ ವಿವರಿಸಿದೆ. ಕರೆಂಟ್ ಎಂದರೇನು, ಅದು ಹೊರಟಲ್ಲಿಗೇ ಯಾಕೆ ತಿರುಗಿ ಬರಬೇಕು, ಬರದಿದ್ದರೆ ಏನಾಗುತ್ತದೆ. ಇಂಜಿನ್ನಿನ ಸದ್ದು ಏರಿದಾಗ ಅವನಿಗೆ ಕೇಳಿಸಲಿ ಎಂದು ನಾನೂ ದನಿ ಏರಿಸಿದೆ. ಮಟಮಾರಿ ಹಳ್ಳಿಯ ಲೋಡಿಗೆ ಹೋದ ದಿನವಂತೂ ಬರುವಾಗ ಹೋಗುವಾಗ ಎರಡು ಅಧ್ಯಾಯ ಮುಗಿಸಿದೆ. "ಹೌದ್ರಿ ಸರ" ಎನ್ನುತ್ತಿದ್ದ ಮೆಹಬೂಬ, ನಾಲ್ಕನೆಯ ದಿನಕ್ಕೆ "ಹ್ಞೂಂ" ಎನ್ನತೊಡಗಿದ, ಐದನೆಯ ದಿನಕ್ಕೆ ಅದೂ ಇಲ್ಲ. ವಿಷಯ ಗಂಭೀರವಾದಂತೆ ವಿದ್ಯಾರ್ಥಿ ಮೌನವಾಗುತ್ತಾನೆ ಎಂದು ನಾನು ಸಂತೋಷಪಟ್ಟೆ.

ಆರನೆಯ ದಿನ ರಾಯಚೂರಿನಲ್ಲಿ ಭತ್ತ ಇಳಿಸಿದ ಮೇಲೆ ಮೆಹಬೂಬ ನನ್ನನ್ನು ಕೇಳದೆಯೇ ಗಾಡಿಯನ್ನು ಖಾಸಿಂ ಚಾಚಾ ಎಂಬ ಮುದುಕನ ಮುಂದೆ ತಂದು ನಿಲ್ಲಿಸಿದ. ಬೇವಿನ ಮರದ ಕೆಳಗೆ ಒಂದು ಸ್ಟೂಲು, ಒಂದು ಬಲ್ಬು, ಎರಡು ತುಂಡು ವೈರು, ಅಷ್ಟೇ ಅವನ ಅಂಗಡಿ. ಲಾರಿಯನ್ನು ಮೇಲಿನಿಂದ ಕೆಳಗೆ ನೋಡಿ, "ಕ್ಯಾ ರೇ ಮೆಹಬೂಬ್, ಗಾಡಿ ಕು ದುಲ್ಹನ್ ಬನಾಕೊ ಲಾಯಾ ಕ್ಯಾ?" ಎಂದ. ಗಾಡಿಯನ್ನು ಮದುಮಗಳು ಮಾಡಿ ತಂದೀಯೇನೋ ಎಂದು. ನಾನು ಮುಂದೆ ಬಂದು ತೊಂದರೆಯನ್ನು ಶಾಸ್ತ್ರೀಯವಾಗಿ ವಿವರಿಸಲು ಹೊರಟೆ. ಅವನು ಕೈ ಎತ್ತಿ ತಡೆದ.

"ಮದ್ಲು ಚಂದ ಹಾಡ್ತಿತ್ತೇನ್ರಿ?"

"ಹಾಡ್ತಿತ್ತು."

"ಆಮ್ಯಾಲ ಏನೇನ್ ಸೇರ್ಸೀರಿ?"

ನಾನು ಪಟ್ಟಿ ಹೇಳಿದೆ. ಅದು ಸ್ವಲ್ಪ ಉದ್ದವಿತ್ತು.

"ಹಂಗಾದ್ರ ಆಮ್ಯಾಲ ಸೇರ್ಸಿದ್ದನ್ನ ಒಂದೊಂದಾ ತಗೀತ ಬರೋದ್ರಿ. ಯಾವುದ್ನ ತಗದಾಗ ಗದ್ದಲ ನಿಲ್ತದ, ಅದಾ ಕಳ್ಳ" ಎಂದು ಒಳಗೆ ಹತ್ತಿದ. ಬೆಳ್ಳಿ ಕಾಗದ ತೆಗೆದು ನನ್ನ ಕೈಗೆ ಕೊಟ್ಟ. ಡಬ್ಬಿ ಬಿಚ್ಚಿ ಕೈಗೆ ಕೊಟ್ಟ. ಕುಂಯ್ ನಿಲ್ಲಲಿಲ್ಲ. ಕೊನೆಗೆ ಸೀಟಿನ ಹಿಂದೆ ಬಗ್ಗಿ, ಕಪ್ಪು ವೈರುಗಳನ್ನು ಬಿಚ್ಚಿ, ಬೋಲ್ಟಿನ ಮೇಲೆ ಉಗುರಾಡಿಸಿ, "ಯಾರ್ರೀ ಈ ಪುಣ್ಯಾತ್ಮ? ಬೋಲ್ಟಿಗೂ ಬಣ್ಣ ಬಳದಾನ! ಅದೂ ಎರಡ್ ಸಲ!" ಎಂದ. ಮೆಹಬೂಬ ಬೇವಿನ ಮರವನ್ನು ನೋಡಿದ. ನಾನೂ ಬೇವಿನ ಮರವನ್ನು ನೋಡಿದೆ.

ಚಾಚಾ ಉಪ್ಪುಕಾಗದದಿಂದ ಬಣ್ಣವನ್ನು ತಿಕ್ಕಿ ತೆಗೆದು ಕಬ್ಬಿಣ ಮಿನುಗುವಂತೆ ಮಾಡಿ ವೈರು ಬಿಗಿದ. ತರಿಸಿದ್ದ ಚಹಾ ಇನ್ನೂ ಅರ್ಧ ಉಳಿದಿತ್ತು. ಹಾಡು ಹಚ್ಚಿದರೆ, ಹಾಲಿನ ಹಾಗೆ ಶುದ್ಧವಾಗಿ ಬಂತು. ಬಣ್ಣದ ಪದರ ದಾಟಲಾಗದೆ ಕರೆಂಟು ಲಾರಿಯ ಮೈಯಿಂದ ಬ್ಯಾಟರಿಗೆ ತಿರುಗಿ ಹೋಗುವ ದಾರಿ ಸಿಗದೆ ಒದ್ದಾಡುತ್ತಿತ್ತು, ಅಷ್ಟೇ. ಆಗ ನನಗೊಂದು ಹಳೆಯ ಉತ್ತರಪತ್ರಿಕೆ ನೆನಪಾಯಿತು. ವಿದ್ಯುತ್ತನ್ನು ಹರಿಯಗೊಡದ ವಸ್ತುಗಳಿಗೆ ಎರಡು ಉದಾಹರಣೆ ಕೊಡಿ ಎಂಬ ಪ್ರಶ್ನೆಗೆ ಹುಡುಗಿಯೊಬ್ಬಳು ರಬ್ಬರ್ ಮತ್ತು ಬಣ್ಣ ಎಂದು ಬರೆದಿದ್ದಳು. ಪುಸ್ತಕದಲ್ಲಿ ಬಣ್ಣ ಇರಲಿಲ್ಲ, ರಬ್ಬರ್ ಮತ್ತು ಕಟ್ಟಿಗೆ ಇತ್ತು. ನಾನು ಕೆಂಪು ಮಸಿಯಿಂದ ತಪ್ಪು ಹಾಕಿ, ತಲೆಯಲ್ಲಿ ಏನಿದೆ ಎಂದು ಬೇರೆ ಬರೆದಿದ್ದೆ. ಆ ಹುಡುಗಿ ಈಗ ಎಲ್ಲಿದ್ದಾಳೋ, ಸಿಕ್ಕರೆ ಆ ಒಂದು ಅಂಕವನ್ನು ಕೈಮುಗಿದು ಕೊಡಬೇಕೆಂದಿದ್ದೇನೆ.

ಮರುದಿನ ಬೆಳಿಗ್ಗೆ ಹುರುಪಿನಿಂದ ಬುತ್ತಿ ಹಿಡಿದು ಲಾರಿ ಹತ್ತಿ ನನ್ನ ಸೀಟಿನಲ್ಲಿ ಕೂತೆ. ಅಂದಿನ ಪಾಠ ಲೋಹಗಳ ಬಗ್ಗೆ ಎಂದು ನಿಶ್ಚಯಿಸಿಕೊಂಡಿದ್ದೆ. ಮೆಹಬೂಬ ಇಂಜಿನ್ ಚಾಲೂ ಮಾಡಿದ, ಹಾಡು ಹಚ್ಚಿದ, ಆದರೆ ಗಾಡಿ ಎತ್ತಲಿಲ್ಲ.

"ಇನ್ನೇನಪಾ ಮೆಹಬೂಬ, ಸಾವ್ಕಾರ್ರ ಗಾಡಿಗಿ ಹೋಗೂದಿಲ್ಲಲ್ಲ?" ಎಂದೆ.

ಅವನು ಸ್ಟೇರಿಂಗ್ ಒರೆಸಿದ, ಕನ್ನಡಿ ಒರೆಸಿದ, ಆಮೇಲೆ ಬಹಳ ಮೆಲ್ಲಗೆ ಹೇಳಿದ: "ಸರ, ಇನ್ನೊಂದ್ ಗದ್ದಲ ಉಳದದರಿ."

ನಾನು ಕಿವಿಗೊಟ್ಟು ಕೇಳಿದೆ. ಎಕ್ಸಿಲೇಟರ್ ಒತ್ತಿಸಿ ಕೇಳಿದೆ. ನಾಯಕಿ ಹೆಸರು ಹೇಳಿ, ಊರೂ ಹೇಳಿ, ಎರಡನೆಯ ಚರಣಕ್ಕೆ ಬಂದಿದ್ದಳು. "ಎಲ್ಲಿ ಅದಪಾ? ಏನೂ ಇಲ್ಲಲ್ಲ!"

"ಚಾಚಾ ಹೇಳಿದಂಗ ರಾತ್ರಿ ಲೆಕ್ಕಾ ಹಾಕಿ ನೋಡಿದ್ನಿರಿ ಸರ. ಈ ಕ್ಯಾಬಿನ್ನಿನ್ಯಾಗ ಮದ್ಲು ಏನಿತ್ತು, ಆಮ್ಯಾಲ ಏನೇನ್ ಬಂತು ಅಂತ. ಬಣ್ಣ ಬಂತ್ರಿ. ಆಂಪ್ಲಿಫೈಯರ್ ಬಂತ್ರಿ. ಬಾಕ್ಸ್ ಬಂತ್ರಿ. ಬೆಳ್ಳಿ ಕಾಗ್ದ ಬಂತು, ಹೋತು. ಆಮ್ಯಾಲ..." ಎಂದು ನಿಲ್ಲಿಸಿದ. ತಾನೇ ಕೆಳಗಿಳಿದು ಸುತ್ತಿ ಬಂದು, ನನ್ನ ಕಡೆಯ ಬಾಗಿಲು ತೆರೆದು, ಹೆಗಲ ಮೇಲಿನ ಟವೆಲಿನಿಂದ ಮೆಟ್ಟಿಲು ಒರೆಸಿ, ಬಹಳ ಮರ್ಯಾದೆಯಿಂದ ಕೈ ಚಾಚಿದ.

ನಾನು ಬುತ್ತಿಯೊಂದಿಗೆ ಇಳಿದೆ. ಲಾರಿ ಹೊರಟಿತು. ತಿರುವಿನವರೆಗೂ ಹಾಡು ಸ್ಪಷ್ಟವಾಗಿ ಕೇಳಿಸಿತು, ಅದರ ಜೊತೆ ಮೆಹಬೂಬ ಗುನುಗುವುದೂ ಕೇಳಿಸಿತು. ಅವನು ಗುನುಗುತ್ತಾನೆಂದೇ ನನಗೆ ಗೊತ್ತಿರಲಿಲ್ಲ.

ಮನೆಗೆ ಬಂದಾಗ ಶರಣಮ್ಮ ಚಟ್ನಿಗೆ ಶೇಂಗಾ ಸುಲಿಯುತ್ತಿದ್ದಳು. "ಯಾಕ್ರೀ, ಇಷ್ಟ್ ಲಗೂ ಬಂದ್ರಿ? ಮತ್ತ ಕೆಟ್ತೇನು?"

"ಇಲ್ಲ. ಗದ್ದಲ ಪೂರ್ತಿ ಹೋತು. ಮೆಹಬೂಬ ಬಿಡೂದಿಲ್ಲ, ನಮ್ಮಲ್ಲೇ ಇರ್ತಾನ. ನಾ ಇನ್ನ ಗಾಡಿ ಜೊತಿ ಹೋಗೂದು ಬೇಕಾಗಿಲ್ಲ."

"ಅಂದ್ರ ಇನ್ನ ದಿನಾ ಮನ್ಯಾಗ ಇರ್ತೀರಿ?"

"ಹ್ಞೂಂ."

ಆಕೆ ಶೇಂಗಾದ ಮೊರ ಕೆಳಗಿಟ್ಟು ಅಡುಗೆಮನೆಗೆ ಎದ್ದು ಹೋದಳು. ಅಲಮಾರಿನ ಬಾಗಿಲು ತೆರೆದದ್ದು, ಮಿಕ್ಸಿ ಒಳಗಿಟ್ಟದ್ದು, ಕೀಲಿ ತಿರುವಿದ್ದು, ಮೂರೂ ನನಗೆ ಬಹಳ ಸ್ಪಷ್ಟವಾಗಿ ಕೇಳಿಸಿದವು. ನಡುವೆ ಒಂದಿಷ್ಟೂ ಗದ್ದಲವಿರಲಿಲ್ಲ.