ಮಂಡಿಯೂರಿದ ಗಾಡಿ

"ಇನ್ನು ಮೇಲೆ ನೀನು ಲೋಕಲ್ ಟ್ರೈನ್ ಹತ್ತಿದ್ರೆ ನನ್ನ ಹೆಸರು ಸುದರ್ಶನ ಅಲ್ಲ!"

ನಿವೃತ್ತಿಯಾದ ಮರುವಾರ, ಡೊಂಬಿವಲಿಯ ತಮ್ಮ ಫ್ಲ್ಯಾಟಿನ ಹಾಲಿನಲ್ಲಿ ನಿಂತು ಸುದರ್ಶನರು ಹೆಂಡತಿಯೆದುರು ಹೀಗೆಂದು ಭೀಷ್ಮಪ್ರತಿಜ್ಞೆ ಮಾಡಿದರು. ಅಲಮೇಲು ಹುರುಳಿಕಾಯಿ ನಾರು ತೆಗೆಯುತ್ತ ಕೂತಿದ್ದರು. ತಲೆ ಎತ್ತದೆ, "ಈ ವಯಸ್ಸಲ್ಲಿ ಹೆಸರು ಬದಲಾಯಿಸೋದು ಕಷ್ಟ ರೀ. ಆಧಾರ್ ಕಾರ್ಡಿಂದ ಶುರು ಮಾಡಬೇಕು" ಎಂದರು.

ಪ್ರತಿಜ್ಞೆಗೆ ಕಾರಣವಿತ್ತು. ಮದುವೆಯಾಗಿ ಮೈಸೂರಿನಿಂದ ಬಂದ ಹೊಸದರಲ್ಲೇ ಅಲಮೇಲುವಿಗೆ ನಗರದ ಫೋರ್ಟ್ ಭಾಗದ ವಿಮಾ ಕಚೇರಿಯೊಂದರಲ್ಲಿ ಕೆಲಸ ಸಿಕ್ಕಿತ್ತು. ಸುದರ್ಶನರ ಬ್ಯಾಂಕೂ ಆ ಕಡೆಯೇ. ಇಬ್ಬರೂ ಬೆಳಿಗ್ಗೆ ಒಟ್ಟಿಗೆ ಮನೆ ಬಿಡುತ್ತಿದ್ದರು, ಒಟ್ಟಿಗೆ ಸ್ಟೇಷನ್ನಿನ ಸೇತುವೆ ಹತ್ತಿ ಇಳಿಯುತ್ತಿದ್ದರು, ಪ್ಲಾಟ್‌ಫಾರ್ಮಿಗೆ ಬಂದೊಡನೆ ಬೇರೆಯಾಗುತ್ತಿದ್ದರು. ಅವರು ಗಂಡಸರ ನೂಕುನುಗ್ಗಲಿಗೆ, ಇವರು ಹೆಂಗಸರ ಡಬ್ಬಕ್ಕೆ. ರೈಲು ಒಂದೇ, ಆದರೆ ನೌಕರಿಯ ಅಷ್ಟೂ ವರ್ಷಗಳಲ್ಲಿ ಗಂಡ ಹೆಂಡತಿ ಅಕ್ಕಪಕ್ಕ ಕೂತು ಹೋದದ್ದೇ ಇಲ್ಲ. ಮಳೆಗಾಲದ ಸಂಜೆ ಸೇತುವೆಯ ಬುಡದಲ್ಲಿ ಕಾಯುವ ಸುದರ್ಶನರಿಗೆ, ಜನರ ನಡುವಿನಿಂದ ಸೆರಗು ಹಿಂಡಿಕೊಳ್ಳುತ್ತ ಬರುವ ಹೆಂಡತಿಯನ್ನು ಕಂಡಾಗಲೆಲ್ಲ ಕರುಳು ಚುರುಕ್ ಎನ್ನುತ್ತಿತ್ತು. ಒಂದಲ್ಲ ಒಂದು ದಿನ ಇವಳನ್ನು ಮಹಾರಾಣಿಯ ಹಾಗೆ ಕೂರಿಸಿಕೊಂಡು ಹೋಗಬೇಕು ಎಂದು ಅಲ್ಲೇ ನಿಂತು ಅಂದುಕೊಳ್ಳುತ್ತಿದ್ದರು.

ಮಹಾರಾಣಿ ಕೂರುವಂಥ ಹೊಸ ಗಾಡಿಯ ಬೆಲೆ ಕೇಳಿದರೆ ಮಹಾರಾಜನೇ ನಡೆದುಕೊಂಡು ಹೋಗಬೇಕು. ಆದ್ದರಿಂದ ರಬಾಳೆಯಲ್ಲಿ ಸೆಕೆಂಡ್ ಹ್ಯಾಂಡ್ ಐಷಾರಾಮಿ ಗಾಡಿ ಮಾರುವ ಡೀಲರನ ಬಳಿ ಹೋದರು. ಕರಿ ಬಣ್ಣದ, ಆನೆಯಷ್ಟು ಎತ್ತರದ ಎಸ್‌ಯುವಿ. ಚರ್ಮದ ಸೀಟು, ಸೀಟಿನೊಳಗೇ ಬೆನ್ನು ಒತ್ತುವ ಯಂತ್ರ, ತಲೆಯ ಮೇಲೆ ಆಕಾಶ ಕಾಣುವ ಗಾಜು. ಮ್ಯಾನೇಜರ್ ಹಿತೇಶ್ ಹಿಂದಿಯಲ್ಲಿ ಬೆಣ್ಣೆ ಸವರಿದ. "ಸರ್, ಒಂದು ವರ್ಷ ಫುಲ್ ವಾರಂಟಿ. ಗಾಡಿ ನಿಮ್ಮದು, ಟೆನ್ಶನ್ ನಮ್ಮದು."

ಟೆನ್ಶನ್ ಯಾರದೆಂಬುದು ಬೇಗನೆ ಗೊತ್ತಾಯಿತು. ಒಂದು ಬೆಳಿಗ್ಗೆ ಹೌಸಿಂಗ್ ಸೊಸೈಟಿಯ ವಾಚ್‌ಮನ್ ಮುರಾರಿ ಬಾಗಿಲು ತಟ್ಟಿ, "ಸಾಬ್, ಗಾಡಿ ಬೈಠ್ ಗಯೀ" ಎಂದ. ಕೆಳಗಿಳಿದು ನೋಡಿದರೆ ನಿಜಕ್ಕೂ ಕೂತಿತ್ತು. ಮುಂದಿನ ಎಡಗಾಲನ್ನು ಮಡಚಿ, ಗೇಟಿನ ಪಕ್ಕದ ಪುಟ್ಟ ಗಣಪತಿ ಗುಡಿಯತ್ತ ಮೂತಿ ಬಗ್ಗಿಸಿ ಮಂಡಿಯೂರಿತ್ತು. ಸುದರ್ಶನರು ಗಾಬರಿಯಿಂದ ಸ್ಟಾರ್ಟ್ ಮಾಡಿದರೆ ಉಸ್ ಎಂದು ಉಸಿರೆಳೆದುಕೊಂಡು, ಏನೂ ಆಗಿಲ್ಲವೆಂಬಂತೆ ಎದ್ದು ನಿಂತಿತು. ಅಂದಿನಿಂದ ದಿನಾ ಬೆಳಿಗ್ಗೆ ಇದೇ ಪೂಜೆ. ಸೊಸೈಟಿಯ ಹಿರಿಯರು ವಾಕಿಂಗ್ ಮುಗಿಸಿ ಇದರ ದರ್ಶನಕ್ಕೆ ನಿಲ್ಲತೊಡಗಿದರು. ಮುರಾರಿ ವೈಪರಿಗೆ ಒಂದು ಚೆಂಡುಹೂ ಸಿಕ್ಕಿಸತೊಡಗಿದ.

"ನಿಮಗಿಂತ ಅದಕ್ಕೇ ದೇವರ ಮೇಲೆ ಭಕ್ತಿ ಜಾಸ್ತಿ ಕಣ್ರೀ" ಎಂದರು ಅಲಮೇಲು.

"ವಾರಂಟಿ ಇದೆ. ನಾಳೆ ಹೋಗಿ ಕಿವಿ ಹಿಂಡಿ ಸರಿ ಮಾಡಿಸ್ಕೊಂಡು ಬರ್ತೀನಿ" ಎಂದರು ಸುದರ್ಶನರು. ಬ್ಯಾಂಕಿನಲ್ಲಿ ಸಾಲ ವಸೂಲಿ ವಿಭಾಗ ನೋಡಿಕೊಂಡ ಮನುಷ್ಯ. ಕಿವಿ ಹಿಂಡುವುದರಲ್ಲಿ ಪಳಗಿದ ಕೈ.

ಆದರೆ ರಬಾಳೆ ಮುಟ್ಟುವಷ್ಟರಲ್ಲಿ ಗಾಡಿ ಸೈನಿಕನ ಹಾಗೆ ಸೆಟೆದು ನಿಂತಿರುತ್ತಿತ್ತು. ಮಾರುವಾಗ 'ಸರ್' ಎನ್ನುತ್ತಿದ್ದ ಹಿತೇಶನ ಬಾಯಲ್ಲಿ ಈಗ ಅವರು 'ಅಂಕಲ್' ಆಗಿದ್ದರು.

"ಎಲ್ಲಿ ಕೂತಿದೆ ಅಂಕಲ್? ನಿಂತಿದೆಯಲ್ಲ."

ಮೊಬೈಲಿನಲ್ಲಿ ವಿಡಿಯೋ ತೋರಿಸಿದರು. ಹಿತೇಶ್ ಭಕ್ತಿಯಿಂದ ನೋಡಿದ. "ಇದು ಫೀಚರ್ ಅಂಕಲ್. ಹಿರಿಯರಿಗೆ ಹತ್ತೋಕೆ ಸುಲಭ ಆಗಲಿ ಅಂತ ಗಾಡಿ ತಾನೇ ತಗ್ಗುತ್ತೆ."

"ಬೀಗ ಹಾಕಿದ ಗಾಡಿ, ಬೆಳಗಿನ ಜಾವ, ಒಂದೇ ಕಾಲಲ್ಲಿ?"

"ಹೈ ಎಂಡ್ ಗಾಡಿ ಅಂಕಲ್."

ಕೊನೆಗೆ ಚಕ್ರದ ಒಳಗೆ ಇಣುಕಿ ನೋಡಿದಾಗ ಗಾಡಿಯನ್ನು ಎತ್ತಿ ಹಿಡಿಯುವ ಗಾಳಿಚೀಲ ಸೋರುತ್ತಿರುವುದು ಕಂಡಿತು. ಸುದರ್ಶನರು ಗೆದ್ದೆ ಎಂದುಕೊಂಡರು.

"ಚೀಲ ರಬ್ಬರಿನದು ಅಂಕಲ್. ರಬ್ಬರ್ ವಾರಂಟಿಯಲ್ಲಿ ಬರಲ್ಲ."

"ಮತ್ತೆ ಏನಪ್ಪಾ ಬರುತ್ತೆ?"

"ಎಂಜಿನ್ ಬರುತ್ತೆ."

"ಎಂಜಿನ್ ಚೆನ್ನಾಗೇ ಇದೆಯಲ್ಲ."

"ಅದಕ್ಕೇ ಅಂಕಲ್, ವಾರಂಟಿ ಕೊಟ್ಟಿರೋದು."

ಸುದರ್ಶನರ ಪಿತ್ತ ನೆತ್ತಿಗೇರಿತು. ಕೀಲಿಕೈಯನ್ನು ಮೇಜಿನ ಮೇಲೆ ಎಸೆದು, "ಸರಿ ಮಾಡೋ ತನಕ ಇದು ನಿನ್ನ ತಲೆ ಮೇಲೇ ಇರಲಿ" ಎಂದು ನಾಟಕದ ರಾಜನ ಹಾಗೆ ಹೊರನಡೆದರು. ಗೇಟು ದಾಟಿದ ಮೇಲೆ, ಮನೆಗೆ ಹೋಗಲು ಗಾಡಿಯೇ ಇಲ್ಲವೆಂಬುದು ಹೊಳೆಯಿತು. ವಾಪಸು ಹೋಗಿ ಕೀಲಿ ಕೇಳಲು ಮಾನ ಅಡ್ಡಬಂತು. ರಿಕ್ಷಾ ಹಿಡಿದು ರಬಾಳೆ ಸ್ಟೇಷನ್ನಿಗೆ ಬಂದು ಟಿಕೆಟಿನ ಸಾಲಿನಲ್ಲಿ ನಿಂತರು. ಅತ್ತ ಹಿತೇಶ್ ಗಾಡಿಯನ್ನು ಹಿಂದಿನ ಶೆಡ್ಡಿಗೆ ತಳ್ಳಿಸಿ, ತಾಡಪಾಲು ಹೊದಿಸಿ ಆರಾಮವಾಗಿದ್ದ. ಸುದರ್ಶನರು ಬರೆದ ಮೇಲ್‌ಗಳಿಗೆಲ್ಲ 'ನಿಮ್ಮ ದೂರು ನಮಗೆ ಅಮೂಲ್ಯ' ಎಂಬ ಉತ್ತರ ಬರುತ್ತಿತ್ತು. ಅಮೂಲ್ಯವಾದದ್ದನ್ನು ಯಾರಾದರೂ ಅಷ್ಟು ಬೇಗ ಕಳೆದುಕೊಳ್ಳುತ್ತಾರೆಯೇ? ಸುದರ್ಶನರು ರೈಲಿನಲ್ಲಿ ಹೋಗಿ ಜಗಳವಾಡಿ ರೈಲಿನಲ್ಲಿ ಬರುವುದೇ ದಿನಚರಿಯಾಯಿತು.

ಒಂದು ದಿನ ಅಲಮೇಲು, "ನಾಳೆ ನಾನೂ ಬರ್ತೀನಿ" ಎಂದರು.

"ಹೇಗೆ ಬರ್ತೀಯ? ಗಾಡಿ ಅಲ್ಲಿದೆ."

"ಊರವರೆಲ್ಲ ಹೇಗೆ ಹೋಗ್ತಾರೋ ಹಾಗೆ."

ಪ್ರತಿಜ್ಞೆ ಮುರಿಯಿತು. ಮಧ್ಯಾಹ್ನದ ರೈಲು ಖಾಲಿಯಿತ್ತು. ಗಂಡಸರು ಹೆಂಗಸರು ಯಾರು ಬೇಕಾದರೂ ಹತ್ತುವ ಜನರಲ್ ಡಬ್ಬದಲ್ಲಿ ಇಬ್ಬರೂ ಮದುಮಕ್ಕಳ ಹಾಗೆ ಒಂದೇ ಬೆಂಚಿನ ಮೇಲೆ ಕೂತರು. ಮುಂಬ್ರಾ ದಾಟಿ ಖಾಡಿಯ ಹಿನ್ನೀರಿನ ಗಾಳಿ ಮುಖಕ್ಕೆ ಬಡಿದಾಗ ಅಲಮೇಲು ತಾವೇ ಮಾತು ತೆಗೆದರು. ದಸರೆಯಲ್ಲಿ ಹೆಂಗಸರ ಡಬ್ಬಕ್ಕೆ ತೋರಣ ಕಟ್ಟಿ ಆರತಿ ಎತ್ತುತ್ತಿದ್ದದ್ದು, ಬಟಾಣಿ ಬಿಡಿಸುತ್ತ ಅತ್ತೆಯರನ್ನು ಬೈಯುತ್ತಿದ್ದದ್ದು.

"ನನ್ನ ಸೀಮಂತಾನೂ ಡಬ್ಬದಲ್ಲೇ ಮಾಡಿದ್ರು, ಗೊತ್ತಾ? ಠಾಣೆ ಬರೋಷ್ಟರಲ್ಲಿ ಕೈತುಂಬ ಹಸಿರು ಬಳೆ."

"ಆಫೀಸಲ್ಲಿ ಹಾಕಿದ್ರು ಅಂದ್ಕೊಂಡಿದ್ದೆ."

"ನೀವು ಕೇಳಲಿಲ್ಲ."

"ನೀನು ಕಷ್ಟಪಡ್ತೀಯ ಅಂತ ನಾನು ಮರುಗಿ ಮರುಗಿ ಸತ್ತೆನಲ್ಲೇ."

"ಕಷ್ಟ ಇತ್ತು. ಮಜಾನೂ ಇತ್ತು. ಫೋರ್ತ್ ಸೀಟ್ ಹಿಡಿಯೋಕೆ ಎಂಥ ವಿದ್ಯೆ ಬೇಕು ಅಂತೀರಿ. ಮೂರು ಜನರ ಬೆಂಚಿನ ತುದೀಲಿ ಮೊದಲು ನಗಬೇಕು. ಆಮೇಲೆ ಬ್ಯಾಗ್ ಇಡಬೇಕು. ಆಮೇಲೆ ಅರ್ಧ ಕೂರಬೇಕು. ಕುರ್ಲಾ ಬರೋಷ್ಟರಲ್ಲಿ ಪೂರ್ತಿ ಕೂತಿರ್ತೀವಿ, ಯಾರ ಜೊತೇನೂ ಜಗಳ ಇಲ್ಲ."

ಸುದರ್ಶನರು ಹೆಂಡತಿಯನ್ನು ಹೊಸದಾಗಿ ನೋಡಿದರು. ಇಷ್ಟು ವರ್ಷ ಇವಳ ಪಕ್ಕ ಕೂರದೆ ಎಂಥ ಕತೆಗಳನ್ನೆಲ್ಲ ಕಳೆದುಕೊಂಡೆ ಎಂದು ಅವರಿಗೆ ನಿಜವಾಗಿ ಬೇಜಾರಾಯಿತು. ಠಾಣೆಯಲ್ಲಿ ರೈಲು ಬದಲಿಸುವಾಗ ಅವರೇ ಮುಂದೆ ಓಡಿ ಅಕ್ಕಪಕ್ಕದ ಸೀಟು ಹುಡುಕಿದರು.

ಷೋರೂಮಿನಲ್ಲಿ ಅಲಮೇಲು ಹಿತೇಶನನ್ನು ನೋಡಿ ನಕ್ಕರು. ಸೋಫಾದ ತುದಿಯಲ್ಲಿ ಬ್ಯಾಗ್ ಇಟ್ಟರು. ವಾರಂಟಿ ಎಂಬ ಪದವನ್ನೇ ಎತ್ತಲಿಲ್ಲ. ಡಬ್ಬಿ ಬಿಚ್ಚಿ ಅವನಿಗೆ ಪುಳಿಯೋಗರೆ ಕೊಟ್ಟರು. ಮರುದಿನ ಅರ್ಧ ಸೋಫಾ ಅವರದಾಯಿತು. ಅದರ ಮರುದಿನ ಪೂರ್ತಿ. ಗಾಡಿ ಕೊಳ್ಳಲು ಬಂದ ಗಂಡ ಹೆಂಡತಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಮರಾಠಿಯಲ್ಲಿ ಮನಸಾರೆ ಹೊಗಳಿದರು.

"ತಗೊಳ್ಳಿ, ತಗೊಳ್ಳಿ, ತುಂಬ ಸಂಸ್ಕಾರದ ಗಾಡಿ. ನಮ್ಮದು ದಿನಾ ಬೆಳಿಗ್ಗೆ ಗಣಪತಿಗೆ ಮಂಡಿಯೂರಿ ನಮಸ್ಕಾರ ಮಾಡುತ್ತೆ. ಈಗ ಹಿಂದಿನ ಶೆಡ್ಡಲ್ಲಿ ತಪಸ್ಸಿಗೆ ಕೂತಿದೆ. ಬನ್ನಿ, ತೋರಿಸ್ತೀನಿ."

ಆ ದಂಪತಿ ತಪಸ್ಸು ನೋಡಿ ಹಾಗೇ ಹೊರಟುಹೋದರು. ಇನ್ನೊಬ್ಬರು ಬಂದರು, ಅವರೂ ಹೋದರು. ಹಿತೇಶ್ ಓಡೋಡಿ ಬಂದ.

"ಆಂಟೀ, ನೀವ್ಯಾಕೆ ತೊಂದರೆ ತಗೋತೀರಿ? ಮನೇಲಿ ಆರಾಮಾಗಿರಿ, ಗಾಡಿ ರೆಡಿ ಮಾಡಿಸ್ತೀನಿ."

"ಪರವಾಗಿಲ್ಲಪ್ಪ, ಇಲ್ಲಿ ಎಸಿ ಚೆನ್ನಾಗಿದೆ. ನಾಳೆ ಬಿಸಿಬೇಳೆಬಾತ್ ತರ್ತೀನಿ."

ಆ ನಾಳೆ ಬರುವ ಮೊದಲೇ ರಬ್ಬರು ವಾರಂಟಿಯೊಳಕ್ಕೆ ಬಂತು. ಹೊಸ ಗಾಳಿಚೀಲ ತರಿಸಿ ಹಾಕಿದರು. ಗಾಡಿ ಒಂದು ರಾತ್ರಿಯಿಡೀ ನಿಂತೇ ಇದ್ದದ್ದನ್ನು ಹಿತೇಶನೇ ವಿಡಿಯೋ ಮಾಡಿ ಕಳಿಸಿದ.

ಗಾಡಿ ತೆಗೆದುಕೊಂಡು ಹೊರಟ ಸಂಜೆ ಸುದರ್ಶನರ ಮುಖ ನೋಡಬೇಕಿತ್ತು. ಪಕ್ಕದ ಸೀಟಿನಲ್ಲಿ ಮಹಾರಾಣಿ, ಬೆನ್ನು ಒತ್ತುವ ಯಂತ್ರ ಶುರು, ಮೇಲೆ ಆಕಾಶ. "ನೋಡಿದ್ಯಾ, ಅಂದ ಮಾತು ಉಳಿಸಿಕೊಂಡೆ" ಎಂದರು. ಘಣಸೋಲಿ ಸ್ಟೇಷನ್ ಹತ್ತಿರ ಬರುವಷ್ಟರಲ್ಲಿ ಗಾಡಿ ನಿಂತಿತು. ಮುಂದೆ ಕಣ್ಣು ಹಾಯುವಷ್ಟು ದೂರ ಕೆಂಪು ದೀಪಗಳು. ಶಿಳಫಾಟಾ ಕೂಡುರಸ್ತೆಯಲ್ಲಿ ಕಂಟೇನರೊಂದು ಮಗುಚಿದೆಯೆಂದು ಪಕ್ಕದ ರಿಕ್ಷಾದವನು ಹೇಳಿದ. ರಸ್ತೆಯ ಪಕ್ಕದ ಹಳಿಯ ಮೇಲೆ ಒಂದು ಲೋಕಲ್ ಹೋಯಿತು. ಸ್ವಲ್ಪ ಹೊತ್ತಿಗೆ ಇನ್ನೊಂದು. ಬೆನ್ನು ಒತ್ತುವ ಯಂತ್ರ ಒತ್ತಿ ಒತ್ತಿ ಅಲಮೇಲುವಿನ ಬೆನ್ನು ನೋಯಲು ಶುರುವಾಯಿತು.

"ರೀ, ತಪ್ಪು ತಿಳ್ಕೋಬೇಡಿ" ಎಂದು ಬ್ಯಾಗ್ ಹೆಗಲಿಗೇರಿಸಿದರು. "ಅಡಿಗೆಗೆ ಹೊತ್ತಾಗುತ್ತೆ."

"ಅಲಮೇಲು, ನನ್ನ ಪ್ರತಿಜ್ಞೆ..."

"ಅದಕ್ಕೆ ವಾರಂಟಿ ಇರಲಿಲ್ಲ ಬಿಡಿ" ಎಂದು ಇಳಿದು, ಗಾಡಿಗಳ ನಡುವೆ ನುಸುಳಿ ಸ್ಟೇಷನ್ನಿನ ಕಡೆ ನಡೆದೇಬಿಟ್ಟರು.

ಸುದರ್ಶನರು ಇಂಚಿಂಚು ತೆವಳಿ ಮಹಾಪೆ ತಲುಪಿದಾಗ ಫೋನ್ ಬಂತು.

"ಎಲ್ಲಿದ್ದೀರಿ?"

"ಮಹಾಪೆ."

"ಇನ್ನೂ? ನಾನು ಮನೆಗೆ ಬಂದು ಅನ್ನ ಇಟ್ಟಾಯ್ತು."

ಸುದರ್ಶನರ ಮಾನ ಉಳಿಯಲು ಒಂದೇ ದಾರಿಯಿತ್ತು. "ಸಂಜೆ ಹೊತ್ತು. ನಿಂತ್ಕೊಂಡೇ ಹೋದೆ ತಾನೆ?" ಎಂದು ಆಸೆಯಿಂದ ಕೇಳಿದರು.

"ಇಲ್ಲ ರೀ, ಸೀಟ್ ಸಿಕ್ತು. ಗಾಡಿ ಎಲ್ಲಾದ್ರೂ ನಿಲ್ಲಿಸಿ ಓಡಿ ಬರ್ತೀರೇನೋ ಅಂತ ಹೆಂಗಸರ ಡಬ್ಬ ಬಿಟ್ಟು ಜನರಲ್‌ಗೇ ಹತ್ತಿದ್ದೆ. ಠಾಣೆ ಬರೋವರೆಗೂ ಪಕ್ಕದ ಸೀಟಿನ ಮೇಲಿಂದ ಬ್ಯಾಗ್ ತೆಗೀಲಿಲ್ಲ."