ಕಾಕಾನ ವಿದೇಶ ಪ್ರವಾಸಗಳು

ನಮ್ಮ ಕಾಕಾ ಇಡೀ ಜಗತ್ತಿಗೆ ವೇದ ಕಲಿಸಿದವರು. ಜಗತ್ತಿಗೆ ಈ ಸಂಗತಿ ಇನ್ನೂ ಗೊತ್ತಾಗಿಲ್ಲ, ಅಷ್ಟೇ!

ನಗಬೇಡಿ. ಅವರನ್ನು ನೋಡಿದ್ದರೆ ನೀವೂ ನಂಬುತ್ತಿದ್ದಿರಿ. ಕಾಕಾ ಅಂದರೆ ನಮ್ಮಪ್ಪನ ತಮ್ಮ. ಬೆಟಗೇರಿಯ ನೇಕಾರರ ಓಣಿಯಲ್ಲಿ ನಮ್ಮ ಮನೆ. ಮನೆಮನೆಗೂ ಮಗ್ಗ. ಕಾಕಾನ ಕೈಗೆ ಮಾತ್ರ ಮಗ್ಗ ಹತ್ತಲಿಲ್ಲ. ಮಠದ ಪಾಠಶಾಲೆಯಲ್ಲಿ ಸಂಸ್ಕೃತ ಕಲಿತು, ಹೊಟ್ಟೆಪಾಡಿಗೆ ಗದುಗಿನ ಹತ್ತಿ ಪ್ರೆಸ್ಸಿನಲ್ಲಿ ಕಾರಕೂನರಾದರು. ಧ್ವನಿಯೋ, ದೇವರು ಹತ್ತು ಜನರಿಗೆ ಹಂಚಬೇಕಾದದ್ದನ್ನು ಇವರೊಬ್ಬರಿಗೇ ಕೊಟ್ಟಂತಿತ್ತು. ಬೆಳಿಗ್ಗೆ ಸ್ನಾನ ಮಾಡಿ ಮಂತ್ರ ಶುರುಮಾಡಿದರೆ ಓಣಿಯ ಮಗ್ಗಗಳ ಸದ್ದು ಅದರಡಿ ಅಡಗಿಹೋಗುತ್ತಿತ್ತು.

"ನಮ್ಮ ಋಷಿಗಳು ಹೇಳಿದ್ದು ಬರೇ ಬೆಟಗೇರಿ ಮಂದಿಗಲ್ಲ, ಜಗತ್ತಿಗೆ. ಜಗತ್ತು ಕೇಳಾಕ ತಯಾರೈತಿ. ಮುಟ್ಟಸಾವ್ರು ಇಲ್ಲ" ಎನ್ನುತ್ತಿದ್ದರು.

ಒಳಗಿನಿಂದ ಕಾಕು, ಅಂದರೆ ಅವರ ಹೆಂಡತಿ, ಕೂಗುತ್ತಿದ್ದಳು: "ಜಗತ್ತಿಗೆ ಆಮ್ಯಾಲ ಮುಟ್ಟಸ್ರಿ. ಮದ್ಲ ಈ ಜ್ವಾಳ ಗಿರಣಿಗೆ ಮುಟ್ಟಸ್ರಿ!"

ಕಾಕಾ ಜೋಳದ ಚೀಲ ಹೆಗಲಿಗೇರಿಸಿ, ದಾರಿಯುದ್ದಕ್ಕೂ ಮಂತ್ರ ಹೇಳುತ್ತ ಹೊರಡುತ್ತಿದ್ದರು. ಗಿರಣಿಯ ಮುಂದೆ ಸರದಿಯಲ್ಲಿ ನಿಂತವರು ಗಾಬರಿಯಾಗಿ ದಾರಿ ಬಿಡುತ್ತಿದ್ದುದರಿಂದ ಹಿಟ್ಟು ಮಾತ್ರ ಜಲ್ದಿ ಬರುತ್ತಿತ್ತು.

ಇಂಥವರು ವಿದೇಶಕ್ಕೆ ಹೋಗದೆ ಬಿಡುತ್ತಾರೆಯೇ? ಹೋದರು! ಹಡಗು ಬೇಕಾಗಲಿಲ್ಲ. ಆಗಿನ್ನೂ ಸ್ವಾತಂತ್ರ್ಯ ಬಂದಿರಲಿಲ್ಲ. ಗದಗ-ಬೆಟಗೇರಿ ಬ್ರಿಟಿಷರ ಮುಂಬಯಿ ಪ್ರಾಂತದಲ್ಲಿತ್ತು. ಲಕ್ಷ್ಮೇಶ್ವರ, ಶಿರಹಟ್ಟಿಗಳಲ್ಲಿ ಸಂಸ್ಥಾನಿಕರ ಆಳ್ವಿಕೆ. ಬೇರೆ ಅರಸು ಅಂದಮೇಲೆ ಬೇರೆ ದೇಶವಲ್ಲವೇ? ಕಾಕಾ ರಜೆ ಬಂದಾಗ ಕೋಟು ತೊಟ್ಟು, ರುಮಾಲು ಸುತ್ತಿ, ಇದ್ದಿಲಿನ ಹೊಗೆ ಕಾರುವ ಬಸ್ಸು ಹತ್ತಿ ಶಿರಹಟ್ಟಿಗೆ ಹೋಗಿಬಿಡುತ್ತಿದ್ದರು. ಸಂತೆಯ ನಡುವೆ ಒಂದು ಕಟ್ಟೆ ಹತ್ತಿ, ಎಲ್ಲ ಜೀವಗಳ ಒಳಗಿರುವುದೂ ಒಂದೇ ಎಂದು ಉಪನ್ಯಾಸ ಶುರು!

ಒಮ್ಮೆ ಹೀಗೆ ಉಪನ್ಯಾಸ ರಂಗೇರಿದಾಗ, ಕಟ್ಟೆಯ ಕೆಳಗೆ ಕುಳಿತಿದ್ದ ಬಳೆ ಮಾರುವ ಸಾಬರು ಎದ್ದು ನಿಂತರಂತೆ.

"ಸ್ವಾಮ್ಯಾರ, ನನ್ನೊಳಗ ಇರಾವನೂ ನಿಮ್ಮೊಳಗ ಇರಾವನೂ ಒಬ್ಬನ ಅಂದ್ರಿ, ಹೌದಲ್ರಿ?"

"ಖರೆ ಅಂದ್ರ ಖರೆ!" ಎಂದರು ಕಾಕಾ ಹಿಗ್ಗಿನಿಂದ.

"ಹಂಗಾದ್ರ ಸ್ವಲ್ಪ ಸರದು ನಿಂದರ್ರಿ. ನಿಮ್ಮ ನೆರಳು ಬಿದ್ದು ನಮ್ಮಿಬ್ಬರ ಗಿರಾಕಿಗೂ ಬಳಿ ಬಣ್ಣ ಕಾಣವಲ್ದು!"

ಬೇರೆಯವರಾಗಿದ್ದರೆ ಮುಖ ಸಣ್ಣದು ಮಾಡಿಕೊಂಡು ಬಸ್ಸು ಹಿಡಿಯುತ್ತಿದ್ದರು. ಕಾಕಾ ಸರಿದು ನಿಂತು ಉಪನ್ಯಾಸ ಮುಗಿಸಿ, ಕಾಕುಗೆ ಅದೇ ಸಾಬರ ಹತ್ತಿರ ಹಸಿರು ಬಳೆ ಕೊಂಡು ಬಂದರು. ಬಂದವರೇ ಓಣಿಗೆಲ್ಲ ಸಾರಿದರು: "ನಮ್ಮೂರಾಗ ಗುಡಿಯಾಗಿನ ಉಪನ್ಯಾಸಕ್ಕ ಕುಂತು ತೂಕಡಸ್ತೀರಿ. ವಿದೇಶದಾಗ ನೋಡ್ರಿ, ಎದ್ದು ನಿಂತು ಪ್ರಶ್ನಿ ಕೇಳತಾರ!"

ಸ್ವಾತಂತ್ರ್ಯ ಬಂತು. ಓಣಿಯಲ್ಲಿ ಸಕ್ಕರೆ ಹಂಚಿದರು. ಕೆಲವೇ ತಿಂಗಳಲ್ಲಿ ಸಂಸ್ಥಾನಗಳೂ ವಿಲೀನವಾದುವು. ಆ ಸುದ್ದಿ ಬಂದ ದಿನ ಕಾಕಾ ಒಂದು ಕಣ್ಣಲ್ಲಿ ಆನಂದಬಾಷ್ಪ ಸುರಿಸಿ, ಇನ್ನೊಂದರಲ್ಲಿ ಬೇರೆ ಬಾಷ್ಪ ಸುರಿಸಿದರು.

"ಅಣ್ಣಾ, ನನ್ನ ಫಾರೆನ್ ಹೋತಲ್ಲೋ!"

"ಸ್ವರಾಜ್ಯ ಬಂದೈತಿ, ಸುಮ್ನಿರಲೇ!" ಎಂದು ಗದರಿದರು ನಮ್ಮಪ್ಪ.

ಸುಮ್ಮನಿರುವುದು ಅವರ ಜಾಯಮಾನವೇ? ಪ್ರೆಸ್ಸಿನಲ್ಲಿ ಹತ್ತಿಯನ್ನು ಒತ್ತಿ ಕಟ್ಟಿದ ಬೇಲುಗಳು ರೈಲು ಹತ್ತಿ ಮುಂಬಯಿಗೆ ಹೋಗುತ್ತಿದ್ದವು. ಅಲ್ಲಿಂದ ಕೆಲವು ಹಡಗು ಹತ್ತುತ್ತಿದ್ದವು. ನಾನು ಹೋಗದಿದ್ದರೇನು, ಹತ್ತಿ ಹೋಗುತ್ತದಲ್ಲ ಎಂದು ಕಾಕಾನಿಗೆ ಹೊಳೆಯಿತು. ಪ್ರೆಸ್ಸಿನ ಮಾಲಕರ ಕಣ್ಣು ತಪ್ಪಿಸಿ, ನಂಬರು ಬರೆಯುವ ಕರಿ ಬಣ್ಣದಲ್ಲೇ ತಮ್ಮ ಕೈಗೆ ಬಂದ ಬೇಲುಗಳ ಮೇಲೆ ದೊಡ್ಡದಾಗಿ ಓಂಕಾರ ಬರೆದು, ಕೆಳಗೆ 'ಎಲ್ಲರಿಗೂ ಶಾಂತಿಯಾಗಲಿ' ಎಂದು ತಮಗೆ ತಿಳಿದ ಇಂಗ್ಲಿಷಿನಲ್ಲಿ ಬರೆದು ಕಳಿಸತೊಡಗಿದರು.

ಮಳೆಗಾಲ ಮುಗಿಯುವಷ್ಟರಲ್ಲಿ ಮುಂಬಯಿಯ ಸೇಠಜಿಯೊಬ್ಬರು ಖುದ್ದಾಗಿ ಬಂದಿಳಿದರು. "ಓಂ ಮಾರ್ಕಾ ಹತ್ತಿ ಬೇಕು. ಗಿರಾಕಿಗಳು ಅದನ್ನೇ ಕೇಳುತ್ತಾರೆ, ಬೇರೇದು ಬೇಡ" ಎಂದರು.

ಮಾಲಕರು ಕಂಗಾಲು. "ಓಂ ಮಾರ್ಕಾ ನಮ್ಮಲ್ಲಿ ಇಲ್ಲಲ್ರಿ!"

"ಐತ್ರಿ!" ಎಂದು ಹಿಂದಿನಿಂದ ಗುಡುಗಿತು ಕಾಕಾನ ಧ್ವನಿ.

ನೌಕರಿ ಹೋಗಬೇಕಿತ್ತು, ಬಡ್ತಿ ಬಂತು! ಎಲ್ಲ ಬೇಲಿನ ಮೇಲೂ ಓಂಕಾರ ಬರೆಯುವ ಕೆಲಸವನ್ನೇ ಮಾಲಕರು ಕಾಕಾನಿಗೆ ವಹಿಸಿದರು. ಆದರೆ ಕಾಕಾ ಕುಂಚ ಕೆಳಗಿಟ್ಟರು. "ಮಾಲಕ್ರ, ನಾ ಬರದಾಗ ಅದು ಮಂತ್ರ ಇತ್ತು. ನೀವು ಬರಸಿದ್ರ ಮಾರ್ಕಾ ಆಕ್ಕೈತಿ. ನನ್ನಿಂದ ಆಗೂದಿಲ್ರಿ" ಎಂದು ಕೈಮುಗಿದು ಹಳೆಯ ಕುರ್ಚಿಗೇ ಮರಳಿದರು. ಕಾಕು ಆ ದಿನ ಅವರನ್ನು ಬಯ್ಯಲಿಲ್ಲ. ಊಟಕ್ಕೆ ರೊಟ್ಟಿಯ ಮೇಲೆ ಬೆಣ್ಣೆ ಸ್ವಲ್ಪ ಹೆಚ್ಚೇ ಇತ್ತು.

ಆಮೇಲೆ ಅವರ ಕಣ್ಣು ಗದಗ ಸ್ಟೇಷನ್ನಿನ ಮೇಲೆ ಬಿತ್ತು. ತುಂಗಭದ್ರೆಗೆ ಅಣೆಕಟ್ಟು ಕಟ್ಟುತ್ತಿದ್ದ ಕಾಲ. ಒಮ್ಮೊಮ್ಮೆ ಬಿಳಿಯ ಇಂಜಿನಿಯರುಗಳು ಹೊಸಪೇಟೆಗೆ ಹೋಗುವ ರೈಲಿನಲ್ಲಿರುತ್ತಿದ್ದರು. ಎಂಜಿನ್ನು ನೀರು ಕುಡಿಯುವಷ್ಟು ಹೊತ್ತು ಸಾಲದೇ? ಒಂದು ದಿನ ಕಾಕಾ ಕರಿ ಕೋಟು ತೊಟ್ಟು ಮೊದಲ ದರ್ಜೆಯ ಡಬ್ಬಿ ಹತ್ತಿ, ಅಲ್ಲಿದ್ದ ದೊರೆಯ ಎದೆಯತ್ತ ಬೆರಳು ತೋರಿಸಿ, "ಯೂ, ಮಿ, ಇನ್‌ಸೈಡ್ ಸೇಮ್!" ಎಂದರು.

ಪಾಪ, ಆತ ಕರಿ ಕೋಟು ನೋಡಿ, ಒಳಜೇಬಿಗೆ ಕೈ ಹಾಕಿ ಟಿಕೆಟ್ ತೆಗೆದು ಕೊಟ್ಟ!

ಕಾಕಾ ಟಿಕೆಟ್ಟನ್ನು ತಿರುಗಿಸಿ ನೋಡಿ ವಾಪಸು ಕೊಟ್ಟು, ಈ ದೇಹ ಒಂದು ಡಬ್ಬಿ, ಆತ್ಮ ಅದರೊಳಗಿನ ಪ್ರಯಾಣಿಕ ಎಂದು ವಿವರಿಸುತ್ತಿದ್ದಂತೆ ಡಬ್ಬಿ ಚಲಿಸತೊಡಗಿತು. ಇಳಿಯುವ ಹೊತ್ತಿಗೆ ಕೊಪ್ಪಳ! ಅಲ್ಲಿ ನಿಜವಾದ ಟಿಕೆಟ್ ತಪಾಸಣೆಯವರು ಹಿಡಿದು ಕೂರಿಸಿದರು. ಸಂಜೆಯ ಗಾಡಿಗೆ ಬಂದಿಳಿದ ಕಾಕಾನ ಮುಖದಲ್ಲಿ ಮಾತ್ರ ವಿಜಯದ ಕಳೆ. ಕೊಪ್ಪಳ ಆಗ ಹೈದರಾಬಾದ್ ರಾಜ್ಯದಲ್ಲಿತ್ತು ನೋಡಿ! "ಇನ್ನೂ ಒಂದು ಫಾರೆನ್ ಉಳದೈತೋ ಅಣ್ಣಾ!"

ಅದೂ ಉಳಿಯಲಿಲ್ಲ. ಕನ್ನಡನಾಡು ಒಂದಾಯಿತು. ಏಕೀಕರಣದ ಮೆರವಣಿಗೆಯಲ್ಲಿ ಎಲ್ಲರಿಗಿಂತ ಮುಂದೆ ಘೋಷಣೆ ಕೂಗಿದವರು ಕಾಕಾನೇ. ಮನೆಗೆ ಬಂದು ಕಟ್ಟೆಯ ಮೇಲೆ ಕುಳಿತು, ಯಾವತ್ತೂ ಇಲ್ಲದಷ್ಟು ಸಣ್ಣ ಧ್ವನಿಯಲ್ಲಿ, "ಇನ್ನ ನಾ ಎಲ್ಲಿಗೆ ಹೋಗ್ಲಿ?" ಎಂದರು.

ಅಂಗಳದಲ್ಲಿ ಲಾಳಿಯ ಕಂಡಿಕೆಗಳಿಗೆ ನೂಲು ಸುತ್ತುತ್ತ ಕುಳಿತಿದ್ದವಳು ನಾನು. ಶಾಲೆ ಬಿಡಿಸಿ ವರ್ಷವಾಗಿತ್ತು. ಕಾಕಾ ನನ್ನನ್ನು ಅಂದೇ ಮೊದಲು ಕಂಡವರಂತೆ ನೋಡಿದರು.

"ಬಾರವ್ವಾ ಇಲ್ಲೆ. ಕುಂಡ್ರು. ನಾ ಹೇಳಿದ್ಹಂಗ ಹೇಳು."

ಹಾಗೆ ಶುರುವಾಯಿತು ನನ್ನ ಪಾಠ. ಸ್ವರ ಏರಬೇಕಾದಲ್ಲಿ ಕೈ ಎತ್ತುತ್ತಿದ್ದರು, ಇಳಿಯಬೇಕಾದಲ್ಲಿ ಇಳಿಸುತ್ತಿದ್ದರು. ನಾನು ಆ ಕೈ ನೋಡಿಕೊಂಡೇ ಕಲಿತೆ. ಓಣಿಯ ಹಿರಿಯರು ಸುಮ್ಮನಿದ್ದಾರೆಯೇ? ಗುಂಪು ಕಟ್ಟಿಕೊಂಡು ಬಂದರು. "ಹೆಣ್ಣ ಹುಡುಗಿಗೆ ವೇದಾ ಹೇಳಿಕೊಡಾಕತ್ತೀರಂತಲ್ಲ? ಬಿಡ್ರಿ ಅದನ್ನ. ಇಲ್ಲಂದ್ರ ಗುಡಿಯಾಗ ನಿಮ್ಮ ಉಪನ್ಯಾಸ ಬಂದ್" ಎಂದರು.

"ಬಿಳಿ ದೊರಿಗೆ ರೈಲಾಗ ಹೇಳಿದಾಗ ನಕ್ಕು ಬಿಟ್ರಿ. ಮನಿ ಮಗಳಿಗೆ ಹೇಳಿದ್ರ ತಪ್ಪಾ? ಇಕಿ ಜಗತ್ತಿನಾಗ ಇಲ್ಲೇನು?" ಎಂದರು ಕಾಕಾ.

ಗುಡಿಯಲ್ಲಿ ಉಪನ್ಯಾಸ ಬಂದಾಯಿತು. ಕಾಕಾ ನನ್ನ ಪಾಠ ಬಿಡಲಿಲ್ಲ.

ಕೆಲ ವರ್ಷಗಳ ಮೇಲೆ ಮುಂಡರಗಿಯ ವರ್ತಕರು ಒಂದು ಸಭೆ ಏರ್ಪಡಿಸಿ ಕಾಕಾನನ್ನು ಕರೆದರು. ಸಂಸ್ಕೃತ ಓದಿದ ಪರದೇಶದ ಹೆಣ್ಣುಮಗಳೊಬ್ಬಳು, ನಮ್ಮ ಕಡೆಯ ಶಾಸನ ನೋಡಲು ಬಂದವಳು, ಅಂದು ವೇದಪಠಣ ಕೇಳುವವಳಿದ್ದಳು. ಜನ್ಮವೆಲ್ಲ ಹುಡುಕಿದ ಜಗತ್ತು ತಾನಾಗಿ ಮುಂಡರಗಿಗೆ, ನಮ್ಮ ಕಪ್ಪತಗುಡ್ಡದ ಬುಡಕ್ಕೆ ಬಂದಿತ್ತು! ಆದರೆ ಅಷ್ಟರಲ್ಲಿ ಕಾಕಾನ ಗಂಟಲಿಗೆ ರೋಗ ಹತ್ತಿತ್ತು. ಹುಬ್ಬಳ್ಳಿಯ ಡಾಕ್ಟರು, ಧ್ವನಿ ಇವತ್ತೋ ನಾಳೆಯೋ ಎಂದು ಹೇಳಿಬಿಟ್ಟಿದ್ದರು. ಕಾಕು ಬೇಡವೆಂದು ಅತ್ತಳು. ಕಾಕಾ ಕೇಳಲಿಲ್ಲ. ನನ್ನನ್ನು ಕರೆದುಕೊಂಡು ಬಸ್ಸು ಹತ್ತಿದರು.

ವೇದಿಕೆಯ ಮೇಲೆ ನಿಂತು ಕೈಮುಗಿದು ಬಾಯಿ ತೆರೆದರು. ಗಾಳಿ ಬಂತು, ಧ್ವನಿ ಬರಲಿಲ್ಲ. ಇನ್ನೊಮ್ಮೆ ತೆರೆದರು. ಸಭೆಯಲ್ಲಿ ಗುಸುಗುಸು ಶುರುವಾಯಿತು. ಆಗ ಕಾಕಾ ನನ್ನತ್ತ ತಿರುಗಿ, ಬಾ ಎಂದು ಕೈಮಾಡಿದರು.

"ಹೆಣ್ಮಗಳೇನ್ರಿ?" ಎಂದು ಯಾರೋ ಹಿಂದಿನಿಂದ ಕೂಗಿದರು. ಕಾಕಾ ನನ್ನನ್ನು ಮೈಕಿನ ಮುಂದೆ ನಿಲ್ಲಿಸಿ, ತಾವು ಮೆಟ್ಟಿಲಿಳಿದು ಹೋಗಿ ಕೇಳುಗರ ನಡುವೆ ನೆಲದ ಮೇಲೆ ಕಾಲು ಮಡಚಿ ಕುಳಿತರು. ನಾನು ಅವರತ್ತ ನೋಡುತ್ತ ಶುರುಮಾಡಿದೆ. ಎಲ್ಲರೂ ಕೂಡಿ ಬಾಳೋಣ, ಒಬ್ಬರನ್ನೊಬ್ಬರು ದ್ವೇಷಿಸದಿರೋಣ ಎಂಬ ಅರ್ಥದ ಶಾಂತಿಮಂತ್ರ. ಗುಸುಗುಸು ನಿಂತಿತು. ಕಾಕಾನ ಬಲಗೈ ಮಡಿಲಲ್ಲಿ ತಾನಾಗಿ ಏಳುತ್ತಿತ್ತು, ಇಳಿಯುತ್ತಿತ್ತು.

ಮುಗಿದ ಮೇಲೆ ಪರದೇಶದ ಆ ಹೆಣ್ಣುಮಗಳು ಎದ್ದು ನಿಂತಳು, ಎಲ್ಲರೂ ಚಪ್ಪಾಳೆ ತಟ್ಟಿದರು. ಕಾಕಾ ಅವಳತ್ತ ತಿರುಗಿಯೂ ನೋಡಲಿಲ್ಲ. ನಾನು ಕೆಳಗಿಳಿದು ಹೋಗಿ ಕಾಲು ಮುಟ್ಟಿದಾಗ, ನನ್ನ ಕಿವಿಗೆ ಬಾಯಿ ಹಚ್ಚಿ ಉಸಿರಿನಲ್ಲೇ ಅಂದರು:

"ಇನ್ನೊಮ್ಮೆ ಹೇಳವ್ವಾ. ನನಗ ಚೊಲೊ ಕೇಳಸ್ಲಿಲ್ಲ."

ಕಾಕಾನ ರೋಗ ಗಂಟಲಿಗೆ ಬಂದಿತ್ತೇ ಹೊರತು, ಅವರ ಕಿವಿಗೆ ಏನೂ ಆಗಿರಲಿಲ್ಲ.